ಐದೇ ತಿಂಗಳಿಗೆ ಜೋತುಬಿದ್ದ ಬೋಟ್ ಕ್ಯಾಬಿನ್‌ನ ಹೆಡ್‌ಲೈನಿಂಗ್: ಪೂರ್ತಿ ಬಿಚ್ಚಿ ಮತ್ತೆ ಮಾಡಿಕೊಡಿ

ನಮಸ್ಕಾರ,

ನಮ್ಮ ಬೋಟಿನ ಕ್ಯಾಬಿನ್‌ಗೆ ನೀವು ಹಾಕಿಕೊಟ್ಟ ಹೊಸ ಹೆಡ್‌ಲೈನಿಂಗ್ (ಒಳಚಾವಣಿಗೆ ಅಂಟಿಸುವ, ಬೆನ್ನಿಗೆ ಫೋಮ್ ಇರುವ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆಯ ಹೊದಿಕೆ) ಐದೇ ತಿಂಗಳಿಗೆ ಜೋತುಬಿದ್ದಿದೆ. ಫೋನಿನಲ್ಲಿ ಎರಡು ಸಲ ಹೇಳಿದ್ದೇನೆ. ಎರಡೂ ಸಲ "ಎಲ್ಲೋ ಒಂದು ಕಡೆ ಬಿಟ್ಟಿರಬೇಕು ಸಾರ್, ಹುಡುಗನನ್ನ ಕಳಿಸ್ತೀವಿ, ಅಂಟು ಹಾಕಿ ಒತ್ತಿ ಬರ್ತಾನೆ" ಅಂದಿರಿ. ಒತ್ತಿದರೆ ಸರಿಹೋಗುವ ವಿಷಯ ಇದಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ, ಫೋಟೋಗಳೂ ಜೊತೆಗಿವೆ.

ಮುಂದಿನ ಕ್ಯಾಬಿನ್‌ನಲ್ಲಿ ಮಲಗುವ ಜಾಗದ ಮೇಲೆ, ಹ್ಯಾಚ್‌ನ (ಚಾವಣಿಯಲ್ಲಿ ಮೇಲಕ್ಕೆ ತೆರೆಯುವ ಬಾಗಿಲಿನ) ಎಡಕ್ಕೆ, ವಿನೈಲ್ ತೊಟ್ಟಿಲ ಬಟ್ಟೆಯ ಹಾಗೆ ಕೆಳಗಿಳಿದಿದೆ. ಮಲಗಿದರೆ ಮೂಗಿಗೆ ತಾಗುವುದೊಂದೇ ಬಾಕಿ. ಅಂಚು ಬಿಟ್ಟಿದ್ದ ಕಡೆ ಬೆರಳು ಹಾಕಿ ಎಳೆದು ನೋಡಿದೆ. ಹೊಸ ವಿನೈಲಿನ ಬೆನ್ನಿಗಿರುವ ಫೋಮ್ ಚೆನ್ನಾಗಿದೆ, ಅದಕ್ಕೆ ಬಳಿದ ಅಂಟೂ ಹಾಗೇ ಇದೆ, ಆದರೆ ಆ ಅಂಟಿನ ತುಂಬಾ ಕಂದು ಬಣ್ಣದ ಪುಡಿ ಮೆತ್ತಿಕೊಂಡಿದೆ. ಅದು ಹಳೆಯ ಫೋಮ್. ಅಂದರೆ ಅಲ್ಲಿ ನಿಮ್ಮ ಅಂಟು ಸೋತಿಲ್ಲ, ಅದು ಹಿಡಿದುಕೊಂಡದ್ದೇ ಪುಡಿಯನ್ನು!

ಹಳೆಯ ಹೆಡ್‌ಲೈನಿಂಗ್ ಬಿದ್ದದ್ದೂ ಇದೇ ಕಾರಣಕ್ಕೆ ಅಲ್ವಾ? ವರ್ಷಗಟ್ಟಲೆ ಸೆಕೆ, ತೇವ ಕುಡಿದ ಫೋಮ್ ಜಿಗುಟಾಗಿ, ಆಮೇಲೆ ಪುಡಿಯಾಗಿ ಉದುರುತ್ತದೆ. ಮೇಲಿನ ವಿನೈಲ್ ಗಟ್ಟಿಯಾಗೇ ಇರುತ್ತದೆ, ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ಆ ಪುಡಿಯನ್ನು ಫೈಬರ್ (ಬೋಟಿನ ಫೈಬರ್‌ಗ್ಲಾಸ್ ಮೈ) ಕಾಣುವವರೆಗೆ ಕೆರೆದು, ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಅಂಟು ಬಳಿಯಬೇಕು. ನಿಮ್ಮ ಎಸ್ಟಿಮೇಟಿನಲ್ಲಿ ನೀವೇ ಹೀಗಂತ ಬರೆದುಕೊಟ್ಟಿದ್ದೀರಿ. ಆದರೆ ಬಿಚ್ಚಿದ್ದು, ಕೆರೆದದ್ದು, ಅಂಟಿಸಿದ್ದು ಎಲ್ಲ ಸೇರಿ ಒಂದೂವರೆ ದಿನದಲ್ಲಿ ಮುಗಿದುಹೋಯಿತು. ಹಿಂದೊಂದು ಸಲ ಹಿಂಬದಿಯ ಚಿಕ್ಕ ಗೂಡೊಂದನ್ನು ನಾನೇ ಕೆರೆದಿದ್ದೆ. ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿಕೊಂಡು, ಕನ್ನಡಕ, ಮಾಸ್ಕ್ ಹಾಕಿಕೊಂಡು, ತಲೆ ಎತ್ತಿ ಎತ್ತಿ ಕತ್ತು ಹಿಡಿದುಹೋಗಿ, ಆ ಮೊರದಗಲದ ಜಾಗಕ್ಕೇ ಎರಡು ದಿನ ಬೇಕಾಯಿತು. ಕಿವಿಯೊಳಗಿನ ಪುಡಿ ಹೋಗಲು ಇನ್ನೂ ನಾಲ್ಕು ದಿನ. ಹಾಗಾಗಿ ಒಂದೂವರೆ ದಿನ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಆಗ ಸುಮ್ನೆ ಇದ್ದದ್ದು ನನ್ನ ತಪ್ಪು.

ಕಿಟಕಿಗಳ ಮೇಲಿನ ಅಂಚಿನಲ್ಲಿ ಕಥೆ ಬೇರೆ. ಅಲ್ಲಿ ಪುಡಿ ಇಲ್ಲ, ಅಂಟೇ ಮೆತ್ತಗಾಗಿ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಬಿಲ್ಲಿನಲ್ಲಿ ಶಾಖ ತಡೆಯುವ ಕಾಂಟ್ಯಾಕ್ಟ್ ಅಂಟು ಅಂತಿದೆ. ಆದರೆ ನಿಮ್ಮವರು ಸೀಟಿನ ಕೆಳಗೆ ಮರೆತುಹೋದ ಖಾಲಿ ಡಬ್ಬಿಗಳು ಸಾಧಾರಣ ಸ್ಪ್ರೇ ಅಂಟಿನವು. ಬಿಸಿಲಿಗೆ ಡೆಕ್, ಅಂದರೆ ಕ್ಯಾಬಿನ್ ಮೇಲಿನ ಹೊರಮೈ, ಕಾಯುತ್ತದೆ, ಕಾದಾಗ ಅಂಥ ಅಂಟು ಸಡಿಲವಾಗುತ್ತದೆ, ವಿನೈಲನ್ನು ಮೃದುವಾಗಿಡಲು ಸೇರಿಸಿರುವ ಎಣ್ಣೆಯಂಥ ಪದಾರ್ಥವೂ ನಿಧಾನಕ್ಕೆ ಇಳಿದು ಅದನ್ನು ಇನ್ನಷ್ಟು ಕೆಡಿಸುತ್ತದೆ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರಬೇಕು. "ಬೋಟ್ ಬಿಸಿಲಲ್ಲಿ ಬಿಟ್ಟರೆ ಹೀಗೇ ಆಗೋದು" ಅಂದಿರಲ್ಲ, ಬಿಸಿಲಲ್ಲಿ ಬಿಡದೆ ಬೀರುವಿನಲ್ಲಿ ಇಡಲಾ?

ನನಗೆ ಜಾಸ್ತಿ ಸಿಟ್ಟು ಬಂದಿರುವುದು ಮಾತ್ರ ಇನ್ನೊಂದಕ್ಕೆ. ಮೇಲಿನ ಹಿಡಿಕೆ ಕಂಬಿಯ ಬೋಲ್ಟುಗಳು ಡೆಕ್ ದಾಟಿ ಒಳಗೆ ಬಂದು ನಟ್ಟಿನಲ್ಲಿ ಮುಗಿಯುತ್ತವೆ. ಮೊದಲು ಆ ಸಾಲಿನ ಮೇಲೆ ಸ್ಕ್ರೂ ಹಾಕಿದ ಮರದ ಪಟ್ಟಿ ಇತ್ತು, ಬೇಕೆಂದಾಗ ಬಿಚ್ಚಬಹುದಿತ್ತು. ನೀವು ಪಟ್ಟಿಯನ್ನೇ ತೆಗೆದು ಇಡೀ ಉದ್ದಕ್ಕೆ ಒಂದೇ ಹಾಳೆ ಎಳೆದುಬಿಟ್ಟಿದ್ದೀರಿ. ನೋಡಲು ಚೆಂದ, ನಿಜ. ಈಗ ಒಂದು ಬೋಲ್ಟಿನ ಸುತ್ತ ನೀರು ಇಳಿಯುತ್ತಿದೆ, ಕಲೆ ಅಂಗೈಯಷ್ಟು ಹರಡಿದೆ. ನಟ್ಟು ಬಿಚ್ಚಿ ಹೊಸ ಸೀಲಂಟ್ ಹಾಕಬೇಕೆಂದರೆ ನಿಮ್ಮ ಹೊಸ ವಿನೈಲನ್ನೇ ಕೊಯ್ಯಬೇಕು. ಪ್ಲೈವುಡ್ ಪ್ಯಾನೆಲ್‌ಗಳಿಗೆ ಹೊಡೆದ ಸ್ಟೇಪಲ್ ಪಿನ್‌ಗಳೂ ಸಾದಾ ಕಬ್ಬಿಣದವು, ಆಗಲೇ ತುಕ್ಕಿನ ಚುಕ್ಕೆ ಎದ್ದಿದೆ. ಅಲ್ಲಿ ಸ್ಟೇನ್‌ಲೆಸ್ ಹಾಕಬೇಕಿತ್ತು.

ಎಲ್ಲವೂ ಕೆಟ್ಟದಾಗಿದೆ ಅಂತ ಹೇಳುತ್ತಿಲ್ಲ. ದೀಪಗಳ ಸುತ್ತ ಕತ್ತರಿಸಿರುವುದು, ಹೊಲಿಗೆ, ಮೂಲೆಗಳು ತುಂಬಾ ಅಚ್ಚುಕಟ್ಟು. ಆ ಕೆಲಸಗಾರರಿಗೆ ಕೈಚಳಕ ಇದೆ. ಅವರಿಗೆ ಕೆರೆಯಲು ಸಮಯ ಕೊಡದೆ ಬೇರೆ ಕೆಲಸಕ್ಕೆ ಓಡಿಸಿದವರು ನೀವು.

ಈಗ ಆಗಬೇಕಾದ್ದು ಇಷ್ಟು. ಮುಂದಿನ ಕ್ಯಾಬಿನ್‌ನದನ್ನು ಮತ್ತು ಕಿಟಕಿಗಳ ಮೇಲಿನದನ್ನು ಪೂರ್ತಿ ಬಿಚ್ಚಿ. ಬರೀ ಫೈಬರ್ ಕಾಣುವಷ್ಟು ಕೆರೆದ ಮೇಲೆ ನನಗೆ ತೋರಿಸಿ, ನಾನು ಸರಿ ಅಂದ ಮೇಲೆ ಅಂಟು ಬಳಿಯಿರಿ. ಬಿಲ್ಲಿನಲ್ಲಿ ಬರೆದ ಅಂಟನ್ನೇ ತನ್ನಿ, ಎರಡೂ ಮೈಗೆ ಬಳಿದು, ಕೈಗೆ ಅಂಟದಷ್ಟು ಆರಿದ ಮೇಲೆ ಕೂರಿಸಿ. ಹಿಡಿಕೆ ಕಂಬಿಯ ಕೆಳಗೆ ಬಿಚ್ಚಬಹುದಾದ ಪಟ್ಟಿ ವಾಪಸ್ ಬರಬೇಕು, ಪಿನ್‌ಗಳು ಬದಲಾಗಬೇಕು. ಸಾಮಾನು, ಕೂಲಿ ಎರಡೂ ನಿಮ್ಮದೇ. ಆಗುವುದಿಲ್ಲ ಅಂದರೆ ಅಷ್ಟು ಭಾಗಕ್ಕೆ ತೆಗೆದುಕೊಂಡ ಹಣ ವಾಪಸ್ ಕೊಡಿ, ಬೇರೆಯವರಿಂದ ಮಾಡಿಸಿಕೊಳ್ಳುತ್ತೇನೆ. 15 ದಿನದೊಳಗೆ ಉತ್ತರ ಬರೆದು ಕಳಿಸಿ, ಫೋನಿನಲ್ಲಿ ಬೇಡ.

ಬರುವ ಹಿಂದಿನ ದಿನ ತಿಳಿಸಿದರೆ ಹಾಸಿಗೆ, ಸಾಮಾನು ಎಲ್ಲ ತೆಗೆದು ಕ್ಯಾಬಿನ್ ಖಾಲಿ ಮಾಡಿಡುತ್ತೇನೆ. ಅಂಟಿನ ಡಬ್ಬಿ ಹಿಡಿದುಕೊಂಡು ಒಬ್ಬ ಹುಡುಗ ಮಾತ್ರ ಬಂದರೆ ಒಳಗೆ ಬಿಡುವುದಿಲ್ಲ.

ಇಂತಿ,
ಬೋಟಿನ ಮಾಲೀಕ