ಸೋತ ಮೇಲೆ ಗಡಿಯಾರ ಓಡಿಸ್ಕೊಂಡು ಕೂರೋದು ಯಾವ ಸೀಮೆ ಆಟ?

ಸಂಪಾದಕರಿಗೆ ನಮಸ್ಕಾರ,

ಚೆಸ್ ಬಗ್ಗೆ ಪತ್ರಿಕೆಲಿ ಬರೋದು ಬಹುಪಾಲು ಗೆದ್ದೋರ ಸುದ್ದಿ. ಗುಕೇಶ್ ಗೆದ್ದ, ಪ್ರಜ್ಞಾನಂದ ಗೆದ್ದ, ಬರ್ಲಿ, ಸಂತೋಷನೇ, ನಾನೂ ಅವನ್ನೆಲ್ಲ ಕತ್ತರಿಸಿ ಇಟ್ಕೋತೀನಿ. ಆದ್ರೆ ಇವತ್ತು ನಾನು ಬರೀತಿರೋದು ಸೋಲೋರ ಬಗ್ಗೆ, ಅಂದ್ರೆ ರಾತ್ರಿ ಊಟ ಆದ್ಮೇಲೆ ಫೋನ್ ಹಿಡ್ಕೊಂಡು ಒಬ್ಬೊಬ್ಬರಿಗೆ ಹತ್ತು ನಿಮಿಷ ಇರೋ ಗೇಮ್ ಒಂದೆರಡು ಆಡಿ ಮಲಗೋ ನನ್ನಂಥೋರ ಬಗ್ಗೆ.

ಹೋದ ವಾರ ಒಬ್ಬನ ಮಂತ್ರಿ ಹೊಡೆದೆ. ಇನ್ನೆರಡು ಮೂವ್‌ಗೆ ಮೇಟ್, ಅಂದ್ರೆ ಅವನ ರಾಜನ ಕಥೆ ಮುಗೀತು, ಅವನಿಗೂ ಅದು ಕಾಣ್ತಿದೆ. ಅವನ ಗಡಿಯಾರದಲ್ಲಿ ಇನ್ನೂ ಆರು ನಿಮಿಷದ ಮೇಲಿತ್ತು. ಅಲ್ಲಿಗೆ ಆಟ ನಿಂತು ಹೋಯ್ತು ನೋಡಿ. ಮೂವ್ ಇಲ್ಲ, ಸೋತೆ ಅಂತ ಒಪ್ಕೊಂಡು ರಿಸೈನ್ ಮಾಡೋದೂ ಇಲ್ಲ. ಆ್ಯಪ್ ಮುಚ್ಚಿ ಹೋಗಿದ್ರೆ ಸ್ವಲ್ಪ ಹೊತ್ತಿಗೆ ಸಿಸ್ಟಮ್ಮೇ ನನಗೆ ಗೆಲುವು ಕೊಡ್ತಿತ್ತು, ಅದು ಗೊತ್ತಿರೋದ್ರಿಂದ್ಲೇ ಮುಚ್ಚಲ್ಲ, ತೆರೆದಿಟ್ಟು ಸುಮ್ನೆ ಕೂರ್ತಾರೆ. ನಾನೂ ಕೂತೆ, ನೀರು ಕುಡಿದು ಬಂದೆ, ಬಾಗಿಲ ಚಿಲಕ ಹಾಕಿ ಬಂದೆ, ಕೊನೆಗೆ ಐದು ಸೆಕೆಂಡ್ ಉಳಿದಾಗ ಟಕ್ ಅಂತ ಒಂದು ಮೂವ್ ಮಾಡ್ದ! ಇದರ ಲೆಕ್ಕಾಚಾರ ಏನಂದ್ರೆ ಇಷ್ಟೊತ್ತಿಗೆ ನಾನು ಬೇಜಾರಾಗಿ ಫೋನ್ ಕೆಳಗಿಟ್ಟಿರ್ತೀನಿ, ಈಗ ನನ್ನ ಗಡಿಯಾರ ಓಡುತ್ತೆ, ನಾನು ನೋಡದೆ ಇದ್ರೆ ಸೋಲು ನನ್ನದು. ಇದನ್ನ ಜಾಣತನ ಅನ್ನೋರೂ ಇದ್ದಾರೆ, ನಮ್ಮ ಕಡೆ ಇದಕ್ಕೆ ಬೇರೆ ಹೆಸರಿದೆ, ಪತ್ರಿಕೆಲಿ ಹಾಕೋ ಹಾಗಿಲ್ಲ.

ಸೋಲ್ತಿದ್ರೂ ರಿಸೈನ್ ಮಾಡದೆ ಕೊನೇವರೆಗೂ ಆಡೋದನ್ನ ನಾನು ತಪ್ಪು ಅನ್ನಲ್ಲ. ಆಡ್ಲಿ, ಎದುರಿನೋನು ಗಡಿಬಿಡೀಲಿ ಸ್ಟೇಲ್‌ಮೇಟ್ (ಚೆಕ್ ಇಲ್ಲ, ನಡೆಸೋಕೆ ಮೂವ್ ಕೂಡ ಇಲ್ಲ, ಆಟ ಡ್ರಾ) ಮಾಡಿಬಿಟ್ಟು ಅರ್ಧ ಪಾಯಿಂಟ್ ಸಿಕ್ಕೋದೂ ಉಂಟು, ನನಗೇ ಎಷ್ಟೋ ಸಲ ಸಿಕ್ಕಿದೆ. ಟೈಮ್ ಮೇಲೆ ಗೆಲ್ಲೋದೂ ತಪ್ಪಲ್ಲ, ಮೂರು ನಿಮಿಷದ ಬ್ಲಿಟ್ಜ್‌ಗೆ ಇಳಿದ ಮೇಲೆ ಗಡಿಯಾರವೂ ಒಂದು ಕಾಯಿನೇ, ಆ ಚಿಂತೆ ಬೇಡ ಅನ್ನೋರು ಪ್ರತಿ ಮೂವ್‌ಗೆ ಎರಡು ಸೆಕೆಂಡ್ ಸೇರೋ ಗೇಮ್ ಆಡ್ಲಿ. ಆಡ್ತಾ ಟೈಮ್ ಕಳೆಯೋದು ಬೇರೆ, ಆಡದೆ ಇನ್ನೊಬ್ಬರ ಟೈಮ್ ಕಳೆಯೋದು ಬೇರೆ, ನನ್ನ ತಕರಾರು ಎರಡನೇದಕ್ಕೆ.

ನಮ್ಮ ಕಾಲದಲ್ಲಿ ಎಲ್ಲ ಸರಿ ಇತ್ತು ಅಂತ ಹೇಳೋಕೆ ಹೊರಟಿಲ್ಲ. ನಾನು ಆಟ ಕಲ್ತಿದ್ದು ಲೈಬ್ರರಿ ಪಕ್ಕದ ಜಗಲಿ ಮೇಲೆ. ಆಡೋರು ಇಬ್ಬರಾದ್ರೆ ಹೇಳ್ಕೊಡೋರು ಆರು ಜನ, "ಒಂಟೆ ತೆಗಿಯೋ, ಕುದುರೆ ಹೋಯ್ತು ನೋಡೋ" ಅಂತ. ಮುಟ್ಟಿದ ಕಾಯಿ ನಡೆಸ್ಬೇಕು ಅನ್ನೋ ನಿಯಮಕ್ಕೆ ದಿನಾ ಜಗಳ. ಸೋಲು ಹತ್ರ ಬಂದ ತಕ್ಷಣ ಕೈ ತಾಗಿದ ಹಾಗೆ ಮಾಡಿ ಕಾಯೆಲ್ಲ ಕಲಸಿ ಎದ್ದು ಹೋಗೋ ಮೇಷ್ಟ್ರೊಬ್ಬರೂ ಇದ್ರು. ಆದ್ರೆ ಮಾರನೇ ದಿನ ಸಂಜೆ ಅವರು ಅದೇ ಜಗಲಿಗೆ ಬರ್ಬೇಕಿತ್ತು, ನಾವು ಆರೂ ಜನ ಅಲ್ಲೇ ಕೂತಿರ್ತಿದ್ವಿ. ಫೋನಲ್ಲಿ ಆ ಮಾರನೇ ದಿನವೇ ಇಲ್ಲ. ಒಂದು ಬಟನ್ ಒತ್ತಿದ್ರೆ ಹೊಸಬ ಸಿಗ್ತಾನೆ, ಹಳಬ ಯಾವ ದೇಶದೋನೋ ಏನೋ.

ಸಿಟ್ಟು ದೊಡ್ಡೋರಿಗೂ ಬರುತ್ತೆ. 2025ರ ಜೂನ್ 1ನೇ ತಾರೀಕು ನಾರ್ವೆ ಚೆಸ್ ಟೂರ್ನಿಲಿ ಮಾಜಿ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ಗೆಲ್ಲೋ ಆಟನ ಗುಕೇಶ್‌ಗೆ ಸೋತು ಟೇಬಲ್ ಗುದ್ದಿದ ವಿಡಿಯೋ ಎಲ್ಲರ ವಾಟ್ಸ್ಆ್ಯಪ್‌ಗೂ ಬಂದಿತ್ತಲ್ಲ, ಕಾಯಿಗಳು ಉರುಳಿ ಬಿದ್ವು. ಎಲ್ಲರೂ ಆ ಗುದ್ದನ್ನೇ ಹತ್ತತ್ತು ಸಲ ನೋಡಿದ್ರು. ನಾನು ಅದರ ಮುಂದಿನದನ್ನ ನೋಡಿ ಅಂತೀನಿ, ಕೈ ಕೊಟ್ಟ, ಸಾರಿ ಅಂದ, ಹೋಗ್ತಾ ಹುಡುಗನ ಬೆನ್ನು ತಟ್ಟಿದ. ಅದೇ ಗುಕೇಶ್ 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಮೇಲೆ ಗೆದ್ದು ವರ್ಲ್ಡ್ ಚಾಂಪಿಯನ್ ಆದಾಗ ಅಳ್ತಾ ಅಳ್ತಾನೇ ಬೋರ್ಡ್ ಮೇಲಿನ ಕಾಯಿಗಳನ್ನ ಮೊದಲಿನ ಜಾಗಕ್ಕೆ ಜೋಡಿಸಿಟ್ಟ. ಹದಿನೆಂಟು ವರ್ಷದ ಹುಡುಗ, ಅಂಥಾ ಹೊತ್ತಲ್ಲೂ ಕೈ ತನ್ನ ಪಾಡಿಗೆ ಆ ಕೆಲಸ ಮಾಡ್ತು ಅಂದ್ರೆ ಚಿಕ್ಕಂದಿನಿಂದ ಬಂದ ಅಭ್ಯಾಸ ಅದು. ಫೋನಲ್ಲಿ ಕಾಯಿ ಜೋಡಿಸೋ ಕೆಲಸನೂ ಇಲ್ಲ, ತಾನೇ ಜೋಡಣೆ ಆಗುತ್ತೆ.

ಈಗ ನನ್ನ ಬಣ್ಣನೂ ಹೇಳ್ಬೇಕು. ಎರಡು ವರ್ಷದ ಹಿಂದೆ ಸಾಲಾಗಿ ಐದು ಗೇಮ್ ಸೋತು, ಆರನೇದ್ರಲ್ಲಿ ಪುಕ್ಕಟೆ ಆನೆ ಕಳ್ಕೊಂಡು, ತಲೆ ಕೆಟ್ಟು, ಕಾಯಿ ಹಾಗೇ ಬಿಟ್ಟು ಫೋನ್ ಮಗುಚಿ ಇಟ್ಟೆ, ಕಾಯ್ಲಿ ಮಗ ಅಂತ. ಸ್ವಲ್ಪ ಹೊತ್ತಾದ್ಮೇಲೆ ತಿರುಗಿಸಿ ನೋಡಿದ್ರೆ ಚಾಟ್‌ನಲ್ಲಿ ಒಂದೇ ಲೈನ್, "ಆರ್ ಯು ಓಕೆ?" ಅಂತ. ಬೈದಿದ್ರೆ ನಾನೂ ಬೈದು ಮಲಗ್ತಿದ್ದೆ. ಅವನು ನನಗೇನೋ ಆಗಿರ್ಬೇಕು ಅಂದ್ಕೊಂಡಿದ್ದ. ರಿಸೈನ್ ಒತ್ತಿ "ಸಾರಿ" ಅಂತ ಟೈಪ್ ಮಾಡೋಷ್ಟ್ರಲ್ಲಿ ಅವನು ಹೊರಟೇ ಹೋಗಿದ್ದ. ಆಮೇಲೆ ಆ ಕೆಲಸ ಮಾಡಿಲ್ಲ ನಾನು.

ಇನ್ನೊಂದು ರೋಗ "ಚೀಟರ್" ಅನ್ನೋದು. ನನ್ನ ತಂಗಿ ಮೊಮ್ಮಗನಿಗೆ ಹನ್ನೊಂದು ವರ್ಷ, ಅವನನ್ನ ಯಾರು ಸೋಲಿಸಿದ್ರೂ ಮೊದ್ಲು ಟೈಪ್ ಮಾಡೋದು ಅದನ್ನೇ. ಮೋಸ ಇಲ್ಲ ಅಂತಲ್ಲ, ಪಕ್ಕದ ಫೋನಲ್ಲಿ ಸ್ಟಾಕ್‌ಫಿಶ್ ಅನ್ನೋ ಚೆಸ್ ಪ್ರೋಗ್ರಾಂ ತೆರೆದಿಟ್ಟು ಅದು ಹೇಳಿದ ಹಾಗೆ ಕಾಯಿ ನಡೆಸೋರು ಬೇಕಾದಷ್ಟಿದ್ದಾರೆ. 2021ರ ಜೂನ್‌ನಲ್ಲಿ ಅಕ್ಷಯ ಪಾತ್ರದ ಕೋವಿಡ್ ನೆರವಿಗೆ ಅಂತ ವಿಶ್ವನಾಥನ್ ಆನಂದ್ ಅವರು ಸೆಲೆಬ್ರಿಟಿಗಳ ಜೊತೆ ಆನ್‌ಲೈನ್ ಆಡಿದ್ದು ನೆನಪಿರ್ಬಹುದು, ನಮ್ಮ ಸುದೀಪ್ ಕೂಡ ಆಡಿದ್ರು. ಅದ್ರಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಆನಂದ್ ಅವರನ್ನೇ ಸೋಲಿಸಿದ್ರು, ಆಮೇಲೆ ಕಂಪ್ಯೂಟರ್ ಸಹಾಯ ಇತ್ತು ಅಂತ ಅವರೇ ಬರೆದು ಕ್ಷಮೆ ಕೇಳಿದ್ರು. ಕೇಳಿದ್ದು ಒಳ್ಳೇದೇ, ಆದ್ರೆ ಧರ್ಮಕ್ಕೆ ಆಡೋ ಆಟದಲ್ಲೂ ಸೋಲೋದು ಇಷ್ಟು ಕಷ್ಟವಾ ಅನ್ನಿಸ್ತು ನನಗೆ.

ಆದ್ರೂ ಪುರಾವೆ ಇಲ್ಲದೆ ಕಳ್ಳ ಅನ್ನೋದು ಮೋಸದಷ್ಟೇ ಕೆಟ್ಟದ್ದು. ಅನುಮಾನ ಬಂದ್ರೆ ರಿಪೋರ್ಟ್ ಬಟನ್ ಇದೆ, ಒತ್ತಿ ಸುಮ್ನಾಗಿ, ಮೋಸ ಮಾಡಿದೋನು ಸಿಕ್ಕಿಬಿದ್ರೆ ಕಳೆದ ರೇಟಿಂಗ್ (ಆಟದ ಮಟ್ಟ ತೋರಿಸೋ ಅಂಕ) ವಾಪಸ್ ಬರುತ್ತೆ, ನನಗೂ ಬಂದಿದೆ. ಮಾಜಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್, ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೋಡಿಟ್ಸ್ಕಿ ಮೇಲೆ ತಿಂಗಳುಗಟ್ಟಲೆ ಬಹಿರಂಗವಾಗಿ ಅನುಮಾನ ಪಟ್ಟಿದ್ದು, ಆ ಹುಡುಗ 2025ರ ಅಕ್ಟೋಬರ್‌ನಲ್ಲಿ ಬರೀ 29ಕ್ಕೆ ತೀರಿಕೊಂಡಿದ್ದು ಓದಿದ ಮೇಲೆ ಮೊಮ್ಮಗನಿಗೆ ಆ ಪದ ಟೈಪ್ ಮಾಡ್ಬೇಡ ಅಂತ ಖಡಕ್ಕಾಗೇ ಹೇಳ್ದೆ. ಚಾಟ್ ಕೂಡ ಆಫ್ ಮಾಡಿಸ್ದೆ, ಅಲ್ಲಿಂದ ಅವನಿಗೆ ಬರ್ತಿದ್ದ ಬೈಗುಳನೂ ಮಕ್ಕಳು ಓದೋಂಥದ್ದಲ್ಲ. ಮನೇಲಿ ಚಿಕ್ಕ ಮಕ್ಕಳು ಆಡ್ತಿದ್ರೆ ದಯವಿಟ್ಟು ಇವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನ ಮಾಡಿ.

ಈಗ ಊರೂರಲ್ಲಿ ಚೆಸ್ ಕ್ಲಾಸ್ ಇದೆ, ಕೋಚ್‌ಗಳಿಗೆ ನನ್ನದೊಂದು ಬೇಡಿಕೆ. ಮಕ್ಕಳು ಬಂದ ತಕ್ಷಣ ರೇಟಿಂಗ್ ಎಷ್ಟಾಯ್ತು ಅಂತ ಕೇಳ್ತೀರಿ, ಅಪ್ಪ ಅಮ್ಮನೂ ಅದನ್ನೇ ಕೇಳ್ತಾರೆ. ವಾರಕ್ಕೊಂದ್ಸಲ ಅವರು ಆನ್‌ಲೈನಲ್ಲಿ ಸೋತ ಗೇಮ್ ಒಂದನ್ನ ತೆರೆಸಿ. ಯಾವ ಮೂವ್‌ಗೆ ಎಷ್ಟು ಸೆಕೆಂಡ್ ತಗೊಂಡ್ರು ಅನ್ನೋದು ಅಲ್ಲೇ ದಾಖಲಾಗಿರುತ್ತೆ. ಎಲ್ಲ ಮೂವ್‌ಗೂ ಐದಾರು ಸೆಕೆಂಡ್ ಇದ್ದು ಕೊನೇದಕ್ಕೆ ಮಾತ್ರ ಆರು ನಿಮಿಷ ಅಂತಿದ್ರೆ, ಓಪನಿಂಗ್ ಪಾಠ ಆವತ್ತಿಗೆ ಪಕ್ಕಕ್ಕಿಟ್ಟು ಆ ಆರು ನಿಮಿಷ ಏನು ಮಾಡ್ತಿದ್ದೆ ಮರಿ ಅಂತ ಕೇಳಿ.

ಇಂತಿ,
ಒಬ್ಬ ಹವ್ಯಾಸಿ ಆಟಗಾರ, ದಾವಣಗೆರೆ