ತಮ್ಮನ್ನ ಮರ ಹತ್ತೋಕೆ ಕಳಿಸ್ಲಾ ಅಂತ ಕೇಳಿದ್ಯಲ್ಲ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನ್ ಮಾಡಿ ನಿನ್ ತಮ್ಮನ್ನ ಅಡಿಕೆ ಮರ ಹತ್ತೋಕೆ ಕಳಿಸ್ಲಾ ಅಂತ ಕೇಳಿದ್ಯಲ್ಲ, ನಾನು ಹಿಂದೆಮುಂದೆ ನೋಡದೆ ಬ್ಯಾಡ ಮಾರಾಯ ಅಂದು ಇಟ್ಬಿಟ್ಟೆ. ಆಮೇಲೆ ಊಟಕ್ಕೆ ಕೂತ್ರೆ ಗಂಟಲಲ್ಲಿ ಇಳೀಲಿಲ್ಲ. ನಮ್ಮನೆಯವಳು ಎಂತ ಆಯ್ತು ಅಂದ್ಲು, ವಿಷಯ ಹೇಳ್ದೆ, "ಬೇರೆಯವ್ರ ಮಕ್ಳು ಹತ್ತೋದು ಬ್ಯಾಡ ಅಂದ್ರೆ ನೀವೂ ಬಿಡಿ ಹಂಗಾದ್ರೆ" ಅಂದ್ಲು. ಅದಕ್ಕೆ ನನ್ನ ಹತ್ರ ಉತ್ರ ಇರ್ಲಿಲ್ಲ. ಮೂರು ದಿನ ಅದನ್ನೇ ಯೋಚ್ನೆ ಮಾಡಿ ಈಗ ಬರೀತಿದೀನಿ, ಫೋನಲ್ಲಾದ್ರೆ ಅರ್ಧಕ್ಕೇ ನಿಂತು ಹೋಗುತ್ತೆ. ನಮ್ ಥರದವ್ರು ಇನ್ನೂ ನಾಲ್ಕು ಜನ ಓದ್ಲಿ ಅಂತ ಇಲ್ಲೇ ಹಾಕ್ತಿದೀನಿ, ಬೇಜಾರು ಮಾಡ್ಕೋಬೇಡ.

ಕೆಲಸಕ್ಕೇನೂ ಬರ ಇಲ್ಲ. ತೀರ್ಥಹಳ್ಳಿ, ಹೊಸನಗರ ಕಡೆ ಕೊನೆಗಾರರು, ಅಂದ್ರೆ ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸೋ ನಮ್ ಥರದವ್ರು, ಸಿಗ್ತಿಲ್ಲ ಅಂತ ತೋಟದ ಯಜಮಾನ್ರು ಏಪ್ರಿಲಲ್ಲೇ ಫೋನ್ ಮಾಡಿ ದಿನ ಹಿಡಿದಿಟ್ಕೊಳ್ತಾರೆ. ಮೇ ಮುಗಿಯೋ ಹೊತ್ತಿಗೆ ಮಳೇಲಿ ಕಾಯಿ ಕೊಳೆಸೋ ಕೊಳೆರೋಗಕ್ಕೆ ಮೊದಲ ಔಷಧಿ, ಅದಾಗಿ 40-45 ದಿನಕ್ಕೆ ಎರಡನೇದು, ಮಳೆ ಬಿಡ್ದೇ ಹೊಯ್ದ್ರೆ ಮೂರನೇದೂ, ಅಷ್ಟೊತ್ತಿಗೆ ಕೊನೆ ತೆಗೆಯೋ ಕಾಲ ಬಂದ್ಬಿಡುತ್ತೆ, ಜನವರಿವರೆಗೂ ಪುರುಸೊತ್ತಿಲ್ಲ, ಆಮೇಲೆ ಮೆಣಸು. ಈಗ ಎಲೆಚುಕ್ಕೆ ರೋಗ ಬೇರೆ ಬಂದು ಅಡಿಕೆ ಕೊನೆಗೆ ಮಾತ್ರ ಅಲ್ಲ, ಸೋಗೆಗೂ, ಅಂದ್ರೆ ಗರಿಗೂ, ಔಷಧಿ ಹೊಡೀಬೇಕು. ದುಡ್ಡು ನೀನಿದ್ದಾಗಿನ ಥರ ಇಲ್ಲ, ಚೆನ್ನಾಗೇ ಕೊಡ್ತಾರೆ. ಆದ್ರೆ ಏಪ್ರಿಲ್ ಮೇ ಎರಡು ತಿಂಗಳು ಕೈಯಲ್ಲಿ ಕಾಸಿರಲ್ಲ, ಅದನ್ನೂ ನಿನ್ ತಮ್ಮಂಗೆ ಹೇಳು.

ನೆಲದಲ್ಲೇ ನಿಂತು ಕೊನೆ ಕೊಯ್ಯೋ ಉದ್ದದ ಕೋಲು, ಅದೇ ದೋಟಿ, ಬಂದ್ಮೇಲೆ ನಿಮ್ ಕೆಲಸ ಮುಗೀತಲ್ವಾ ಅಂತ ನೀನು ಕೇಳಿದೆ. ಕಾರ್ಬನ್ ಫೈಬರ್ ದೋಟಿ ನನ್ ಹತ್ರಾನೂ ಒಂದಿದೆ, 60 ಅಡಿ ಉದ್ದದ್ದು, ಗಿಡ್ಡ ಮರದಲ್ಲಿ ನಾನೂ ಅದರಲ್ಲೇ ಕೊನೆ ಕೊಯ್ತೀನಿ, ಒಳ್ಳೇ ವಸ್ತು, ಎಷ್ಟೋ ಜನರ ಜೀವ ಉಳಿಸಿದೆ. ಆದ್ರೆ ದಿನವಿಡೀ ತಲೆ ಮೇಲೆತ್ತಿ ನಿಂತ್ರೆ ಸಂಜೆಗೆ ಕುತ್ತಿಗೆ ತಿರುಗಲ್ಲ, ಗಾಳಿ ಮಳೇಲಿ ಇಳಿಜಾರು ತೋಟದಲ್ಲಿ ತುದಿ ನಿಲ್ಲೋದೇ ಇಲ್ಲ, ಇನ್ನು ಕರೆಂಟ್ ಲೈನ್ ಹತ್ರ ಅಂತೂ ಅದನ್ನ ಎತ್ತಲೇಬಾರ್ದು. ಬಂಟ್ವಾಳ ಕಡೆಯ ಸಜೀಪಮೂಡದ ಗಣಪತಿ ಭಟ್ರು ಮಾಡಿದ ಮರ ಹತ್ತೋ ಬೈಕ್ ವಿಡಿಯೋ ನೋಡಿರ್ತೀಯ, ಹತ್ತಕ್ಕೆ ಬರದವ್ರಿಗೆ ಅದು ದೊಡ್ಡ ಉಪಕಾರ, ಆದ್ರೆ ಪ್ರತಿ ಮರಕ್ಕೂ ಇಳಿದು ಬಿಚ್ಚಿ ಕಟ್ಟಬೇಕು. ನಾವು ಕೆಳಗಿಳೀದೆ ಮೇಲಿಂದಾನೇ ಒಂದು ಮರದಿಂದ ಇನ್ನೊಂದಕ್ಕೆ ದಾಟ್ತೀವಲ್ಲ.

ಆ ದಾಟೋದಿದೆಯಲ್ಲ, ನೀನು ಐದು ಸೀಸನ್ ಕೆಳಗೆ ಹಗ್ಗ ಹಿಡ್ಕೊಂಡು ನೋಡಿದೀಯ, ಮೇಲಿಂದ ಹೆಂಗಿರುತ್ತೆ ಅಂತ ಯಾವತ್ತೂ ಹೇಳಿರ್ಲಿಲ್ಲ ಅನ್ಸುತ್ತೆ. ಎರಡೂ ಪಾದಕ್ಕೆ ಹಾಕ್ಕೊಳ್ಳೋ ಹಗ್ಗದ ಬಳೆ, ಅದೇ ತಳೆ, ಮರಕ್ಕೆ ಕಚ್ಚಿಕೊಂಡಿರುತ್ತೆ, ಒಂದು ಕೈ ಮರದ ಕೊರಳಲ್ಲಿ, ಇನ್ನೊಂದು ಕೈಲಿ ಪಕ್ಕದ ಮರದ ಸೋಗೆ ಹಿಡಿದು ಮೆಲ್ಲಗೆ ಜಗ್ಗಬೇಕು, ಜೋರಾಗಿ ಜಗ್ಗಿದ್ರೆ ಸೋಗೆ ಕಿತ್ಕೊಂಡು ಬರುತ್ತೆ. ಎರಡೂ ಮರ ಒಂದಕ್ಕೊಂದು ಬಾಗಿ ಹತ್ರ ಬರ್ತವೆ, ಅರೆಗಳಿಗೆ ಎರಡನ್ನೂ ತಬ್ಬಿರ್ತೀವಿ, ಆಮೇಲೆ ಹಳೇ ಮರ ಬಿಟ್ರೆ ಅದು ಹಿಂದಕ್ಕೆ ಹೋಗುತ್ತೆ, ನಾವಿರೋ ಮರ ಇನ್ನೊಂದು ಕಡೆ ಹೋಗುತ್ತೆ, ಒಂದೆರಡು ಸಲ ತೂಗಿ ನಿಲ್ಲುತ್ತೆ. ನಿಂತ ಮೇಲೇ ಉಸಿರು. ಇಪ್ಪತ್ತು ವರ್ಷ ಆದ್ರೂ ಆ ಉಸಿರು ಹಂಗೇ ಇದೆ.

ಈಗ ನಾನು ಯಾಕೆ ಬ್ಯಾಡ ಅಂದೆ ಅಂತ ಹೇಳ್ತೀನಿ. ನೀನು ತಮ್ಮ ಅಂದ ಕೂಡ್ಲೆ ನಂಗೆ ಚಿಕ್ಕಪ್ಪ ಬಿದ್ದ ದಿನ ಕಣ್ಮುಂದೆ ಬಂತು. ಆ ಮರ ನೈರುತ್ಯದ ಬಿಸಿಲು ಹೊಡೆದು ಸೀಳು ಬಿಟ್ಟಿತ್ತು, ಮೇಲೆ ಪಾಚಿ ಮುಚ್ಚಿತ್ತು, ಯಾರೂ ತಟ್ಟಿ ನೋಡ್ಲಿಲ್ಲ, ಅರ್ಧಕ್ಕೆ ಹೋಗೋಷ್ಟ್ರಲ್ಲಿ ಮುರೀತು. ಕಂಬಳೀಲಿ ಹಾಕ್ಕೊಂಡು ತೋಟದಿಂದ ರಸ್ತೆವರೆಗೆ ಹೊತ್ತಿದ್ದು ನಾನು ನೀನೇ. ಎಷ್ಟೋ ವರ್ಷ ಆದ್ಮೇಲೆ ಒಬ್ರು ನರ್ಸ್ ಅಕ್ಕ ಹೇಳಿದ್ರು, ಬೆನ್ನಿಗೆ ಪೆಟ್ಟಾದವ್ರನ್ನ ಕಂಬಳೀಲಿ ಹೊರಬಾರ್ದು, ಬೆನ್ನು ಬಾಗುತ್ತೆ, ಅಲುಗಿಸದೆ ಗಟ್ಟಿ ಹಲಗೆ ಮೇಲೆ ಮಲಗಿಸಿ ಕಟ್ಟಿ ಎತ್ತಬೇಕು ಅಂತ. ಅವತ್ತು ರಾತ್ರಿ ನಾನು ನಿದ್ದೆ ಮಾಡ್ಲಿಲ್ಲ. ನಿಂಗೆ ಇದನ್ನ ಹೇಳ್ಬೇಕಾ ಬೇಡ್ವಾ ಅಂತ ಇಷ್ಟು ದಿನ ಒಳಗೇ ಇಟ್ಕೊಂಡಿದ್ದೆ. ನಮಗೆ ಗೊತ್ತಿರ್ಲಿಲ್ಲ ಕಣೋ. ಚಿಕ್ಕಪ್ಪನ ಕಾಲು ಹೋಗಿದ್ದು ಬಿದ್ದಾಗ್ಲೋ ಹೊತ್ತಾಗ್ಲೋ ಯಾರಿಗೂ ಗೊತ್ತಾಗಲ್ಲ. ಈಗ ನನ್ನ ಪಿಕಪ್ ಗಾಡೀಲಿ ಒಂದು ಹಳೇ ಬಾಗಿಲ ಹಲಗೆ, ನಾಲ್ಕು ಪಟ್ಟಿ ಯಾವಾಗ್ಲೂ ಇರುತ್ತೆ.

ಆ ತೋಟದವ್ರು ಆಸ್ಪತ್ರೆಗೆ ಕಾರ್ ಕೊಟ್ರು, ಸ್ವಲ್ಪ ದುಡ್ಡು ಕೊಟ್ರು, ಆಮೇಲೆ ಈ ಕಡೆ ತಿರುಗಿ ನೋಡ್ಲಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಬ್ಯಾಂಕಲ್ಲಿ ಇದೆಯಲ್ಲ, ವರ್ಷಕ್ಕೆ 20 ರೂಪಾಯಿ, ಎರಡೂ ಕಾಲಿನ ಸ್ವಾಧೀನ ಹೋದ್ರೆ 2 ಲಕ್ಷ, ಚಿಕ್ಕಪ್ಪಂಗೆ ಬ್ಯಾಂಕ್ ಖಾತೆ ಇತ್ತು, ಫಾರಂ ತುಂಬಿರ್ಲಿಲ್ಲ ಅಷ್ಟೆ. ನಿನ್ ತಮ್ಮಂಗೆ ಮೊದ್ಲು ಅದನ್ನ ಮಾಡ್ಸು, ಜೂನ್ ಒಂದರಿಂದ ಮೇ 31ರವರೆಗೆ ಅದರ ವರ್ಷ, ಖಾತೇಲಿ ದುಡ್ಡಿಲ್ದೇ ಇದ್ರೆ ಮುಂದಿನ ವರ್ಷಕ್ಕೆ ಕಟ್ ಆಗಲ್ಲ, ವಿಮೆ ನಿಂತು ಹೋಗುತ್ತೆ. ನಮ್ ಗ್ಯಾಂಗಿನ ಆರೂ ಜನರದ್ದು ನಾನೇ ಕರ್ಕೊಂಡು ಹೋಗಿ ಮಾಡ್ಸಿದೀನಿ.

ಹೂಂ, ಕಳ್ಸು ಅಂತಾನೇ ನನ್ ಉತ್ರ. ಆದ್ರೆ ನನ್ ಹತ್ರಾನೇ ಕಳ್ಸು, ಮತ್ತೆ ಮೊದಲ ಸೀಸನ್ ಪೂರ್ತಿ ನೆಲದ ಮೇಲೇ ಇರ್ಬೇಕು, ಮರ ಮುಟ್ಟಕ್ಕೆ ಬಿಡಲ್ಲ. ಹಗ್ಗ ಹಿಡೀಲಿ, ಔಷಧಿ ಕಲಸೋದು ಕಲೀಲಿ. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ ಅಂತ ಎಲ್ಲರಿಗೂ ಬಾಯಿಪಾಠ, ಆದ್ರೆ ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕರಗಿಸಿ ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಬೇಕು, ಉಲ್ಟಾ ಮಾಡ್ಬಾರ್ದು, ಬ್ಲೇಡ್ ಅದ್ದಿ ನೋಡ್ಬೇಕು, ಕೆಂಪಗೆ ಹಿಡಿದ್ರೆ ಸುಣ್ಣ ಸಾಲ್ದು ಅಂತ. ನೂರು ವರ್ಷದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ಕೋಲ್ಮನ್ ಸಾಹೇಬ್ರು ಕೊಳೆರೋಗಕ್ಕೆ ಇದೇ ತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೀರಿ ಅಂತ ತೋರಿಸ್ಕೊಟ್ರು, ಅದಕ್ಕೂ ಮುಂಚೆ ನಮ್ ಅಜ್ಜಂದಿರು ಒಂದೊಂದು ಕೊನೆಗೂ ಮಳೆ ತಾಗದ ಹಂಗೆ ಕೊಟ್ಟೆ ಅನ್ನೋ ಹೊದಿಕೆ ಕಟ್ಟೋಕೆ ಹತ್ತಬೇಕಿತ್ತು. ನಮ್ ಹೊಟ್ಟೆಪಾಡು ಆಗಿಂದಾನೂ ಆ ರೋಗದ ಜೊತೇನೇ ಬಂದಿದೆ.

ಮರ ನೋಡೋದನ್ನ ನಾನೇ ಕೂತು ಕಲಿಸ್ತೀನಿ. ಬುಡದಲ್ಲಿ ಅಣಬೆ ಎದ್ದಿದ್ರೆ ಆ ಮರ ಹತ್ತಂಗಿಲ್ಲ. ಕತ್ತಿ ಬೆನ್ನಿಂದ ತಟ್ಟಿದ್ರೆ ಗಟ್ಟಿ ಮರ ಠಣ್ ಅನ್ನುತ್ತೆ, ಒಳಗೆ ಹೋದ ಮರ ಬೊದ್ ಅನ್ನುತ್ತೆ, ಮಳೇಲಿ ಎರಡೂ ಒಂದೇ ಥರ ಕೇಳುತ್ತೆ, ಅದಕ್ಕೆ ಮಳೆಗೆ ಮುಂಚೆನೇ ಎಲ್ಲ ಮರ ತಟ್ಟಿ ಸಂಶಯ ಬಂದಿದ್ದಕ್ಕೆ ಸುಣ್ಣದ ಗೀಟು ಹಾಕಿಡ್ತೀನಿ. ಯಜಮಾನ್ರು ಒಂದು ಮರದ ಫಸಲು ಹೋಯ್ತಲ್ಲ ಅಂತ ಗೊಣಗ್ತಾರೆ, ಗೊಣಗ್ಲಿ. ಸೇಫ್ಟಿ ಬೆಲ್ಟ್ ಇಲ್ದೇ ಯಾರನ್ನೂ ಹತ್ತಿಸಲ್ಲ. ಬೆಲ್ಟ್ ಹಾಕಿದ್ರೆ ದಾಟಕ್ಕಾಗಲ್ಲ ಅಂತಾರೆ ಎಲ್ಲ, ನಾನೂ ಹಂಗೇ ಅಂತಿದ್ದೆ. ಈಗ ಬೆಲ್ಟಿಗೆ ಎರಡು ಹಗ್ಗ ಹಾಕಿದೀನಿ, ಹೊಸ ಮರಕ್ಕೆ ಒಂದು ಸುತ್ತಿ ಕೊಕ್ಕೆ ಹಾಕಿದ ಮೇಲೇ ಹಳೇದು ಬಿಚ್ಚೋದು. ದಿನಕ್ಕೆ ಹತ್ತಿಪ್ಪತ್ತು ಮರ ಕಮ್ಮಿ ಆಗುತ್ತೆ. ಆಗ್ಲಿ ಬಿಡು.

ಮನೆ ಕಡೆ ಎಲ್ಲ ಆರಾಮು. ಔಷಧಿ ದಿನ ಮನೆಗೆ ಬಂದ್ರೆ ರೆಪ್ಪೆವರೆಗೂ ನೀಲಿ, ಹಂಡೇಲಿ ನೀರು ಕುದೀತಿರುತ್ತೆ, ನಮ್ಮನೆಯವಳು ಮರ ಉಜ್ಜಿ ಎದೆ ಮೇಲೆ ಚರ್ಮ ಕಿತ್ತ ಜಾಗಕ್ಕೆ ಕೊಬ್ರಿಎಣ್ಣೆ ಹಚ್ತಾಳೆ. ಅವಳೂ ಸುಗ್ಗೀಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು ಬಂದಿರ್ತಾಳೆ, ಬೆರಳೆಲ್ಲ ಚೊಗರು ಹಿಡಿದು ಕಪ್ಪು. ಮಗಳು ಏಳನೇ ಕ್ಲಾಸು, ಮಳೆ ಜೋರಾದ್ರೆ ಸ್ಕೂಲಿಂದ ಬರ್ತಾ ಮೊದ್ಲು ನನ್ ಚಪ್ಪಲಿ ಬಾಗಿಲಲ್ಲಿದೆಯಾ ನೋಡ್ತಾಳಂತೆ, ಅವಳ ಅಮ್ಮ ಹೇಳಿದ್ಲು. ಅದಕ್ಕೇ ಬೆಲ್ಟ್ ತಗೊಂಡಿದ್ದು, ನಿಜ ಹೇಳ್ಬೇಕಂದ್ರೆ.

ನಿನ್ನೆ ಚಿಕ್ಕಪ್ಪಂಗೂ ವಿಷಯ ಹೇಳ್ದೆ. ಬೈತಾರೆ ಅನ್ಕೊಂಡಿದ್ದೆ. ಸುಮಾರು ಹೊತ್ತು ಮಾತಾಡ್ಲಿಲ್ಲ. ಗೊತ್ತಲ್ಲ, ಈಗ ಸುತ್ತಮುತ್ತಲ ಕೊನೆಗಾರರಿಗೆಲ್ಲ ತಳೆ ಹೊಸೆದು ಕೊಡೋದು ಅವ್ರೇ, ಕೈ ಇನ್ನೂ ಹಂಗೇ ಗಟ್ಟಿ ಇದೆ. ಆಮೇಲೆ ಕೇಳಿದ್ರು, ಹುಡುಗನ ಪಾದ ಎಷ್ಟಗಲ ಇದೆ ಅಂತ. ಅವನನ್ನ ಪಾದ ಸ್ವಲ್ಪ ದೂರ ಇಟ್ಟು ನಿಲ್ಲಿಸಿ ಎರಡಕ್ಕೂ ಸೇರಿಸಿ ಒಂದು ಸುತ್ತು ದಾರ ತಗೊಂಡು ಗಂಟು ಹಾಕಿ ಕೊಟ್ ಕಳ್ಸು. ಈ ವರ್ಷ ಹಾಕ್ಕೊಳ್ಳಲ್ಲ ಅಂತ ಹೇಳ್ದೆ, ಪರವಾಗಿಲ್ಲ, ಹೊಸೆದು ಅಟ್ಟದಲ್ಲಿ ಹೊಗೆಗೆ ಇಟ್ಟಿರ್ತೀನಿ ಅಂದ್ರು. ಹಳೇ ಬಟ್ಟೆ ಎರಡು ಜೊತೆ, ಒಂದು ಟೋಪಿ, ಬ್ಯಾಂಕ್ ಪಾಸ್‌ಬುಕ್ ತರ್ಲಿ. ಮಳೆ ಹಿಡಿಯೋದ್ರೊಳಗೆ ಬಂದ್ರೆ ಒಳ್ಳೇದು.

ನಿನ್ನ,
ಮರದ ಮೇಲಿನ ಗೆಳೆಯ