ಪೈಪಿನೊಳಗೆ ಗಾಳಿ ಸರಿಯುವ ದಿಕ್ಕು

ಸೋಮವಾರಪೇಟೆ

ಪ್ರೀತಿಯ ಕಾವ್ಯಾ,

ಸ್ಥಾಯಿ ತರಂಗದ ಪಾಠ ತಲೆಗೆ ಹತ್ತುತ್ತಿಲ್ಲ, ಸೂತ್ರ ಬಾಯಿಪಾಠ ಮಾಡಿ ಪರೀಕ್ಷೆ ಬರೆದುಬಿಡುತ್ತೇನೆ ಅಂದೆಯಂತೆ. ನಿನ್ನ ಅಮ್ಮ ಹೇಳಿದಳು. ಹಾಗೆ ಮಾಡಬೇಡ, ಮಗಳೇ. ಗಂಟು ಬಿದ್ದಿರುವುದು ಒಂದೇ ಕಡೆ. ಅದನ್ನು ಬಿಡಿಸಿಕೊಂಡರೆ ಸೂತ್ರವನ್ನು ನೀನೇ ಬರೆಯಬಲ್ಲೆ.

ಹಗ್ಗದ ಸಂಗತಿ ಸುಲಭ. ಒಂದು ತುದಿಯನ್ನು ತೋಟದ ಸಿಲ್ವರ್ ಓಕ್ ಮರಕ್ಕೆ ಕಟ್ಟಿ ಇನ್ನೊಂದನ್ನು ಆಡಿಸು. ಹೋಗುವ ಅಲೆಗೆ ಮರದಿಂದ ತಿರುಗಿ ಬರುವ ಅಲೆ ಸೇರುತ್ತದೆ. ಆಡಿಸುವ ವೇಗ ಸರಿಯಾಗಿ ಹೊಂದಿದರೆ ಅಲೆ ನಿಂತಲ್ಲೇ ಆಡಿದಂತೆ ಕಾಣುತ್ತದೆ, ಅದೇ ಸ್ಥಾಯಿ ತರಂಗ. ಅದರಲ್ಲಿ ಕೆಲವು ಜಾಗ ಅಲುಗುವುದೇ ಇಲ್ಲ. ಅವು ನೋಡ್. ಎರಡು ನೋಡ್‌ಗಳ ನಡುವೆ ಜಾಸ್ತಿ ಆಡುವ ಜಾಗ ಆಂಟಿನೋಡ್. ಹಗ್ಗ ಆಡುವುದು ಮೇಲೆ ಕೆಳಗೆ, ಅಲೆ ಸಾಗುವುದು ಹಗ್ಗದ ಉದ್ದಕ್ಕೆ. ಇದು ಅಡ್ಡ ತರಂಗ.

ಪೈಪಿನೊಳಗಿನ ಗಾಳಿಯದ್ದು ನೀಳ ತರಂಗ, ಅಂದರೆ ಅಲೆ ಸಾಗುವ ಉದ್ದಕ್ಕೇ ಗಾಳಿಯೂ ಆಡುತ್ತದೆ. ಆದರೆ ಪುಸ್ತಕದಲ್ಲಿ ಪೈಪಿನೊಳಗೂ ಹಗ್ಗದಂಥ ಬಳುಕುವ ಗೆರೆಯನ್ನೇ ಬರೆದಿರುತ್ತಾರೆ, ಅಲ್ವಾ? ಮಕ್ಕಳು ಎಡವುವುದು ಇಲ್ಲೇ. ಗಾಳಿ ಮೇಲೆ ಕೆಳಗೆ ಬಳುಕುವುದಿಲ್ಲ. ಪೈಪಿನ ಉದ್ದಕ್ಕೇ ಹಿಂದೆ ಮುಂದೆ ಸರಿಯುತ್ತದೆ. ಆ ಗೆರೆ ಬರೀ ಗ್ರಾಫ್. ಯಾವ ಜಾಗದ ಗಾಳಿ ಎಷ್ಟು ಸರಿಯುತ್ತದೆ ಅನ್ನುವುದನ್ನು ಅದು ತೋರಿಸುತ್ತದೆ, ಅಷ್ಟೇ.

ಮುಚ್ಚಿದ ತುದಿಯಲ್ಲಿ ಗಾಳಿಗೆ ಸರಿಯಲು ದಾರಿಯಿಲ್ಲ. ಹಾಗಾಗಿ ಅಲ್ಲಿ ನೋಡ್. ಆದರೆ ಒತ್ತಡ ಅತಿ ಹೆಚ್ಚು ಏರಿಳಿಯುವುದೂ ಅಲ್ಲೇ! ಪಕ್ಕದ ಗಾಳಿ ಬಂದು ಒತ್ತುತ್ತದೆ, ಮತ್ತೆ ಹಿಂದೆ ಸರಿಯುತ್ತದೆ. ತೆರೆದ ತುದಿಯಲ್ಲಿ ಇದು ತಿರುಗುಮುರುಗು. ಅಲ್ಲಿ ಗಾಳಿ ಜಾಸ್ತಿ ಸರಿಯುತ್ತದೆ, ಒತ್ತಡ ಮಾತ್ರ ಹೆಚ್ಚುಕಡಿಮೆ ಹೊರಗಿನಷ್ಟೇ ಇರುತ್ತದೆ. ಈ ಭಾಗವನ್ನು ನಿಧಾನವಾಗಿ ಎರಡು ಸಲ ಓದು.

1866ರಲ್ಲಿ ಜರ್ಮನಿಯ ಆಗಸ್ಟ್ ಕುಂಡ್ಟ್ ಎಂಬ ವಿಜ್ಞಾನಿ ಗಾಜಿನ ಕೊಳವೆಯಲ್ಲಿ ನುಣ್ಣನೆಯ ಪುಡಿ ಹರಡಿ, ಒಳಗೆ ಶಬ್ದ ಎಬ್ಬಿಸಿದರು. ಗಾಳಿ ಅಲುಗದ ಜಾಗಗಳಲ್ಲಿ ಪುಡಿ ಗುಪ್ಪೆ ಕಟ್ಟಿತು. ಗಾಳಿಯ ನೋಡ್‌ಗಳನ್ನು ಹೀಗೆ ಕಣ್ಣಾರೆ ನೋಡಬಹುದು ಅನ್ನುವುದು ನನಗೆ ಈಗಲೂ ಬೆರಗು. ಗುಪ್ಪೆಯಿಂದ ಗುಪ್ಪೆಗೆ ಅರ್ಧ ತರಂಗದೂರ, ಅಂದರೆ ಒಂದು ಪೂರ್ತಿ ಅಲೆಯ ಉದ್ದದ ಅರ್ಧ. ಹಗ್ಗದಲ್ಲೂ ಲೆಕ್ಕ ಇದೇ.

ರಜೆಗೆ ಬಂದಾಗ ಸ್ಪ್ರಿಂಕ್ಲರ್ ಸಾಮಾನಿನ ಜೊತೆ ಬಿದ್ದಿರುವ ಪಿವಿಸಿ ಪೈಪಿನಿಂದ 1 ಮೀಟರ್ ತುಂಡು ಕತ್ತರಿಸಿಕೊಡುತ್ತೇನೆ. ಒಂದು ತುದಿಗೆ ಅಂಗೈಯಿಂದ ಹೊಡೆದು ಕೈಯನ್ನು ಅಲ್ಲೇ ಒತ್ತಿ ಹಿಡಿ. ಪೈಪಿನಲ್ಲಿ ಕಾಲು ತರಂಗ ಹಿಡಿಯುತ್ತದೆ, ಸುಮಾರು 85 ಹರ್ಟ್ಸ್‌ನ ದಪ್ಪ ಸ್ವರ ಬರುತ್ತದೆ. ಹೊಡೆದ ಕೂಡಲೇ ಕೈ ತೆಗೆದರೆ ಎರಡೂ ತುದಿ ತೆರೆದಿರುತ್ತವೆ, ಆಗ ಅರ್ಧ ತರಂಗ, ಸುಮಾರು 170 ಹರ್ಟ್ಸ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಅಂತ ಹಿಡಿದು ನೀನೇ ಲೆಕ್ಕ ಹಾಕಿ ನೋಡು.

ಅದಕ್ಕೂ ಮೊದಲು ಎರಡರ ಚಿತ್ರವನ್ನೂ ಬರೆದು ನನಗೆ ಕಳಿಸು. ಗಾಳಿ ಸರಿಯುವ ಬಾಣಗಳು ಪೈಪಿನ ಉದ್ದಕ್ಕೇ ಇರಲಿ.

ನಿನ್ನ ದೊಡ್ಡಪ್ಪ